ಕಾಶೀವಾಸದಲ್ಲಿ ಬಿಟ್ಟು ಬಂದದ್ದು

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯಲ್ಲಿ, ಗೋದಾಮುಗಳ ಸಾಲು ಮುಗಿದ ಮೇಲೆ, ಬಲಗಡೆಗೆ ಒಂದು ದೊಡ್ಡ ಬಿಳಿಯ ಕಟ್ಟಡವಿದೆ. ಅದಕ್ಕೆ ಕಿಟಕಿಗಳಿಲ್ಲ. ಹೊರಗಿನಿಂದ ನೋಡಿದವರು ಮೆಣಸಿನಕಾಯಿ ಇಡುವ ಶೀತಲಗೃಹವೆಂದುಕೊಳ್ಳುತ್ತಾರೆ. ಒಳಗೆ ಕಾಶಿ ಇದೆ.

ಅದೊಂದು ಹೋಟೆಲು. ಹೆಸರು ಕಾಶೀವಾಸ. ಎರಡು ರಾತ್ರಿ ಅಲ್ಲಿದ್ದು ಬರಲು ಅವರು ಕೇಳುವ ಹಣದಲ್ಲಿ ಒಂದು ಮದುವೆ ಮಾಡಬಹುದು. ನಾನು ಹೋಗಿ ಬಂದವನು. ಆದ್ದರಿಂದ ಓಣಿಯಲ್ಲಿ, ಮಠದಲ್ಲಿ, ಔಷಧದ ಅಂಗಡಿಯಲ್ಲಿ ಜನ ನನ್ನನ್ನು ತಡೆದು ಕೇಳುತ್ತಾರೆ: “ಮಾಸ್ತರ, ಕೊಟ್ಟ ರೊಕ್ಕಕ್ಕ ಬರೋಬ್ಬರಿ ಆತೇನ್ರಿ?” ಇಷ್ಟು ದಿನ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಬರೆಯುತ್ತೇನೆ.

ನನ್ನ ಹೆಸರು ಪ್ರಲ್ಹಾದ. ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನನ್ನ ಹೆಂಡತಿ ಮಾಲತಿ ಹೋದ ವರ್ಷ ಚೈತ್ರದಲ್ಲಿ ತೀರಿಕೊಂಡಳು. ನಮಗೆ ಒಬ್ಬಳೇ ಮಗಳು, ವಿಭಾ. ಆಕೆ ಎಂಜಿನಿಯರು, ಕಾಶೀವಾಸದ ನಿಯಂತ್ರಣ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ನನ್ನ ಜೊತೆಯಲ್ಲೇ ಇರುತ್ತಾಳೆ.

ಮಾಲತಿಗೆ ಕಾಶಿಗೆ ಹೋಗಬೇಕೆಂದಿತ್ತು. ಗಂಗೆಯ ನೀರು ಇಳಿದು, ಘಟ್ಟಗಳ ಮೆಟ್ಟಿಲು ಕುಸಿಯತೊಡಗಿದ ಮೇಲೆ, ಕಾಶಿಗೆ ಬೇಕೆಂದಾಗ ಹೋಗುವ ಹಾಗಿಲ್ಲ. ಹೆಸರು ಬರೆಸಿ ಸರದಿಗಾಗಿ ಕಾಯಬೇಕು. ನಾವು ಹೆಸರು ಬರೆಸಿದಾಗ ಮಾಲತಿಯ ಕೂದಲು ಇನ್ನೂ ಕಪ್ಪಾಗಿತ್ತು. ಸರದಿಯ ಮಾತು ಬಂದರೆ ಆಕೆ ನಗುತ್ತಿದ್ದಳು. ಯಾಕೆಂದರೆ ಸರದಿಯ ಜೊತೆಗೆ ಇನ್ನೊಂದು ಮಾತೂ ಬರುತ್ತಿತ್ತು. ಕಾಶಿಗೆ ಹೋದವರು ತಮಗೆ ಬಹಳ ಸೇರುವ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರಬೇಕು. ಬಿಟ್ಟದ್ದನ್ನು ಮತ್ತೆ ಜೀವ ಇರುವವರೆಗೆ ಮುಟ್ಟಬಾರದು. ಇದು ನಮ್ಮ ಪದ್ಧತಿ.

“ನೀವು ಹಾಗಲಕಾಯಿ ಬಿಟ್ಟು ಬರ್ರಿ,” ಎನ್ನುತ್ತಿದ್ದಳು ಮಾಲತಿ. “ಹೆಂಗೂ ತಿನ್ನೂದಿಲ್ಲ.”

“ಹಂಗ ಮಾಡಿದ್ರ ದೇವರಿಗೆ ಮೋಸ ಮಾಡಿಧಂಗ ಆಗ್ತದ.”

“ಆಗ್ಲಿ ಬಿಡ್ರಿ. ವಿಶ್ವನಾಥಗ ನಮ್ಮನಿ ಅಡಗಿ ಏನು ಗೊತ್ತದ? ಆದ್ರ ಒಂದು ಹೇಳ್ತೀನಿ ಕೇಳ್ರಿ. ಎಣಗಾಯಿ ಬಿಟ್ಟು ಬಂದ್ರೋ, ನಾ ನಿಮ್ಮನ್ನ ಮನಿಯೊಳಗ ಕರಕೊಳ್ಳೂದಿಲ್ಲ. ಹಿತ್ತಲದಾಗ ಮಲಗ್ರಿ.”

ಎಣಗಾಯಿ ಎಂದರೆ ಎಳೆಯ ಬದನೆಕಾಯಿಯ ಒಡಲಿಗೆ ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ, ಖಾರ ತುಂಬಿ ಎಣ್ಣೆಯಲ್ಲಿ ಬೇಯಿಸಿದ್ದು. ನನಗೆ ಅದು ಎಷ್ಟು ಸೇರುತ್ತಿತ್ತೆಂದರೆ, ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನ ನನ್ನ ಮುಖ ನೋಡಿಯೇ ಡಬ್ಬಿಯಲ್ಲಿ ಏನಿತ್ತೆಂದು ಹೇಳುತ್ತಿದ್ದರು. ಮಾಲತಿ ಮಾಡಿದ ಎಣಗಾಯಿಗೆ ಉಪ್ಪು ಒಂದು ಚೂರು ಮುಂದೆಯೇ ಇರುತ್ತಿತ್ತು. ನಾನು ಪ್ರತಿ ಸಲ ಹೇಳುತ್ತಿದ್ದೆ. ಆಕೆ ಪ್ರತಿ ಸಲ, “ಮುಂದಿನ ಸಲ ಕಡಿಮಿ ಹಾಕ್ತೀನಿ,” ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಆ ಮುಂದಿನ ಸಲ ಬಂದಿರಲಿಲ್ಲ.

ಜ್ವರ ಬಂತು. ಆಸ್ಪತ್ರೆಗೆ ಹೋದೆವು. ಹಿಂದಿರುಗಿ ಬಂದವನು ನಾನು. ಅಸ್ಥಿಯ ಬಹುಭಾಗವನ್ನು ತುಂಗಭದ್ರೆಯಲ್ಲಿ ಬಿಟ್ಟೆವು. ಒಂದು ಹಿಡಿಯಷ್ಟನ್ನು ತಾಮ್ರದ ಗಿಂಡಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಠದ ಗೋಡೆಯ ಗೂಡಿನಲ್ಲಿ ಇಟ್ಟೆ. ಸರದಿ ಬಂದಾಗ ಕಾಶಿಗೆ ಒಯ್ಯಬೇಕೆಂದು.

ಆ ದಿನಗಳಲ್ಲಿ ನಾನು ಬಹಳ ಅಳುತ್ತಿದ್ದೆ. ಜಪಕ್ಕೆ ಕುಳಿತರೆ ಮಣಿ ಬೆರಳಿನಿಂದ ಜಾರಿ ಹೋಗುತ್ತಿತ್ತು. ಎಲ್ಲಿಗೆ ಬಂದೆನೆಂದು ತಿಳಿಯದೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಊಟದ ತಟ್ಟೆಯ ಮುಂದೆ ಕುಳಿತರೆ ಎದ್ದುಬಿಡುತ್ತಿದ್ದೆ. ವಿಭಾ ನೋಡಿ ನೋಡಿ ಒಂದು ದಿನ ಹೇಳಿದಳು.

“ಅಪ್ಪಾ, ನಮ್ಮಲ್ಲೆ ಕೆಲಸ ಮಾಡೋರಿಗೆ ಒಂದು ಸಲ ಮನಿಯವರನ್ನ ಕರಕೊಂಡು ಹೋಗೂ ಸವಲತ್ತು ಅದ. ಅರ್ಧ ರೊಕ್ಕಾನೂ ಬೀಳೂದಿಲ್ಲ. ಬರ್ರಿ. ಅವ್ವನ ಸಲುವಾಗಿ ಅಂತ ತಿಳಕೋರಿ.”

ಎದುರು ಮನೆಯ ಶಂಕ್ರಪ್ಪ ಕಾಳಿನ ಅಂಗಡಿಯವನು. ನನ್ನ ಜೊತೆಗೆ ಮಾತನಾಡದೆ ಅವನಿಗೆ ಬೆಳಗಾಗುವುದಿಲ್ಲ. ಸುದ್ದಿ ಕೇಳಿ ಕಟ್ಟೆಗೆ ಬಂದು ಕುಳಿತ.

“ಕಾಶೀವಾಸ ಅಂದ್ರ ಹೋದಾಂವ ಹೊಳ್ಳಿ ಬರಬಾರ್ದಲ್ಲರೀ ಮಾಸ್ತರ? ಇವ್ರು ಎಲ್ಲಾರ್ನೂ ಹೊಳ್ಳಿ ಕಳಿಸಾಕತ್ತಾರ. ಇದ್ಯಾವ ನಮೂನಿ ಕಾಶೀವಾಸ?”

“ನನ್ನೂ ಹೊಳ್ಳಿ ಕಳಸ್ತಾರ. ಚಿಂತಿ ಮಾಡಬ್ಯಾಡ.”

“ಅಲ್ರೀ, ಅಷ್ಟು ರೊಕ್ಕದಾಗ ನಾಕು ಎಮ್ಮಿ ಬರ್ತಾವು.”

ನಾನು ನಗಲಿಲ್ಲ. ಮಠಕ್ಕೆ ಹೋಗಿ ಗಿಂಡಿಯನ್ನು ಕೇಳಿ ತಂದು, ಪಂಚೆಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟೆ. ವಿಭಾಗೆ ಹೇಳಲಿಲ್ಲ. ಸರದಿ ಯಾವಾಗ ಬರುವುದೋ, ನಾನು ಅಲ್ಲಿಯವರೆಗೆ ಇರುವೆನೋ ಇಲ್ಲವೋ ಎಂಬ ಹೆದರಿಕೆ ಒಂದೇ ನನ್ನಲ್ಲಿತ್ತು.

ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನನ್ನ ಎರಡೂ ಕಿವಿಗಳ ಹಿಂದೆ, ಕತ್ತಿನ ಮೇಲೆ, ತೆಳ್ಳನೆಯ ಅಂಟುಪಟ್ಟಿಗಳನ್ನು ಹಚ್ಚಿದಳು. ತುಳಸಿಯ ಎಲೆಯಷ್ಟು ಸಣ್ಣವು. ಅದಕ್ಕೆ ಅವರು ಎಲೆ ಎಂದೇ ಹೆಸರಿಟ್ಟಿದ್ದಾರೆ. ಮೆಟ್ಟಿಲು ನಿಜವಾದ ಕಲ್ಲು, ನೀರು ನಿಜವಾದ ನೀರು. ಉಳಿದದ್ದನ್ನೆಲ್ಲ ಎಲೆ ನರಗಳಿಗೆ ಹೇಳುತ್ತದೆ: ಹೊಗೆಯ ವಾಸನೆ, ದೋಣಿಯ ತೂಗು, ಎದುರು ದಡದ ಗಾಳಿ, ನಾಲಿಗೆಯ ಮೇಲೆ ಪೇಡೆಯ ಸಿಹಿ. ಒಳಗೆ ಒಂದು ಕಟ್ಟುನಿಟ್ಟಿದೆ. ಒಳಗೆ ಇರುವಷ್ಟು ಹೊತ್ತು ಇದು ಕಾಶಿಯಲ್ಲ ಎಂದು ಅಲ್ಲಿಯ ಕೆಲಸದವರು ಯಾರೂ ಹೇಳುವಂತಿಲ್ಲ. ಹೇಳಿದವನ ಕೆಲಸ ಹೋಗುತ್ತದೆ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಬೆಳಗಾಗಿತ್ತು. ನದಿ ಅಗಲವಾಗಿ, ಬೂದುಬಣ್ಣವಾಗಿ ಹರಿಯುತ್ತಿತ್ತು. ಗಂಟೆಗಳು ಕೇಳಿಸುತ್ತಿದ್ದವು. ನನ್ನ ಪಕ್ಕದಲ್ಲಿ ಒಬ್ಬ ಸಾಹುಕಾರ ತನ್ನ ಹೆಂಡತಿಯ ಕೈ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ. ಅದನ್ನು ನೋಡಲಾರದೆ ನಾನು ಕೆಳಗಿನ ಮೆಟ್ಟಿಲಿಗೆ ಹೋದೆ. ಅಲ್ಲಿ ಪಂಡಾ, ಅಂದರೆ ಘಟ್ಟದ ಪುರೋಹಿತ, ಕೊಡೆಯ ಕೆಳಗೆ ಕುಳಿತಿದ್ದ. ನವಲಗುಂದದ ಕಡೆಯ ಹುಡುಗನೆಂದು ಆಮೇಲೆ ತಿಳಿಯಿತು. ಗಂಧ ಹಚ್ಚಿಕೊಂಡು ಹಿಂದಿಯ ಧಾಟಿಯಲ್ಲಿ ಕನ್ನಡ ಆಡುತ್ತಿದ್ದ.

ನಾನು ಚೀಲದಿಂದ ಗಿಂಡಿ ತೆಗೆದೆ. ಅದನ್ನು ನೋಡಿ ಅವನ ಮುಖ ಬಿಳಿಚಿತು.

“ಅಜ್ಜಾರ, ಇದು...” ಎಂದು ನಿಲ್ಲಿಸಿದ. ಮೇಲಕ್ಕೆ, ಏನೂ ಇಲ್ಲದ ಆಕಾಶದ ಕಡೆಗೆ, ಒಮ್ಮೆ ನೋಡಿದ.

“ನನ್ನ ಹೆಂಡತಿ,” ಎಂದೆ. “ಬಿಡಬಹುದಲ್ಲ?”

ಅವನಿಗೆ ಬೇಡವೆನ್ನುವ ಮಾತು ಇರಲಿಲ್ಲ. ಕಾಶಿಯ ಪಂಡಾ ಅಸ್ಥಿಯನ್ನು ಬೇಡವೆನ್ನುವುದು ಹೇಗೆ? ಕೈಮುಗಿದು ಪಕ್ಕಕ್ಕೆ ಸರಿದ.

ನಾನು ಸೊಂಟದವರೆಗೆ ನೀರಿನಲ್ಲಿ ಇಳಿದು, ಗೋತ್ರ ಹೆಸರು ಹೇಳಿ, ಬಟ್ಟೆ ಬಿಚ್ಚಿ ಗಿಂಡಿಯನ್ನು ಬಗ್ಗಿಸಿದೆ. ಬೂದಿ ನೀರಿಗೆ ಬಿತ್ತು. ಗಿಂಡಿಯೂ ಕೈಜಾರಿ ಮುಳುಗಿತು.

ಆಗ ಗಂಗೆ ನಿಂತಳು.

ಸೊಂಟಕ್ಕೆ ತಾಗಿ ಹರಿಯುತ್ತಿದ್ದ ನೀರು ಒಮ್ಮೆಲೆ ನಿಶ್ಚಲವಾಯಿತು. ತೆರೆ ಇಲ್ಲ, ಸದ್ದಿಲ್ಲ. ಬೂದಿ ಎಲ್ಲಿಗೂ ಹೋಗದೆ ನನ್ನ ಮುಂದೆ ಹೂವಿನ ಹಾಗೆ ಅಗಲವಾಗಿ, ಮೆಲ್ಲಗೆ ಕೆಳಗೆ ಇಳಿಯಿತು. ಸ್ವಲ್ಪ ಹೊತ್ತಾದ ಮೇಲೂ ನೀರು ಹಾಗೆಯೇ ಇತ್ತು. ಮೇಲಿನ ಮೆಟ್ಟಿಲಲ್ಲಿ ಸಾಹುಕಾರನ ಹೆಂಡತಿ, “ಏನಾತು, ಯಾಕ ನಿಂತಿತು?” ಎಂದದ್ದು ಕೇಳಿಸಿತು. ಅಂದರೆ ನನ್ನ ಭ್ರಮೆಯಲ್ಲ. ನಡೆಯುತ್ತಿದ್ದ ನದಿ ನಿಂತು ಮಾಲತಿಯನ್ನು ಎತ್ತಿಕೊಂಡಿತು ಎಂದು ನಾನು ತಿಳಿದೆ. ನಾನು ದೇವರನ್ನು ನಂಬಿದವನು, ಗುರುತು ಬೇಡಿದವನಲ್ಲ. ಬೇಡದೆ ಸಿಕ್ಕ ಗುರುತನ್ನು ಅನುಮಾನಿಸುವುದು ಹೇಗೆ?

ಮೇಲೆ ಬಂದಾಗ ಪಂಡಾ ತನ್ನ ಪಾಠದಂತೆ ಕೇಳಿದ: “ಬಾಬಾ ವಿಶ್ವನಾಥನಿಗೆ ಏನು ಬಿಡ್ತೀರಿ?”

ಕಾಶೀವಾಸಕ್ಕೆ ಜನ ಹಣ ಸುರಿಯುವುದು ಹೆಚ್ಚಾಗಿ ಈ ಒಂದು ಪ್ರಶ್ನೆಗಾಗಿಯೇ. ಅಲ್ಲಿ ಬಾಯಿಬಿಟ್ಟು ಹೇಳಿದ್ದು ನಿಜವಾಗಿಯೂ ಹೋಗುತ್ತದೆ. ಆ ವಸ್ತುವನ್ನು ನೆನೆದಾಗ ತಲೆಯಲ್ಲಿ ಯಾವ ಯಾವ ಜಾಗ ಹೊತ್ತಿಕೊಳ್ಳುವುದೋ ಅದನ್ನು ಎಲೆ ಹುಡುಕುತ್ತದೆ. ರಾತ್ರಿ ನಿದ್ದೆಯಲ್ಲಿ ಅಲ್ಲಿ ಒಂದು ತಡೆ ಹಾಕುತ್ತದೆ. ಬೆಳಗ್ಗೆ ಎದ್ದರೆ ಆಸೆ ಇರುವುದಿಲ್ಲ. ತಂಬಾಕು ಬಿಟ್ಟವರಿದ್ದಾರೆ, ಕುಡಿತ ಬಿಟ್ಟವರಿದ್ದಾರೆ. ಸಾಹುಕಾರ ಗುಟಖಾ ಬಿಟ್ಟ. ಅವನ ಹೆಂಡತಿ ಜಿಲೇಬಿ ಬಿಟ್ಟಳು.

ನನಗೆ ಹಾಗಲಕಾಯಿಯ ಮಾತು ನೆನಪಾಯಿತು. ಆದರೆ ಗಂಗೆ ಈಗತಾನೆ ನಿಂತಿದ್ದಳು. ಅವಳ ಮುಂದೆ ಮೋಸದ ಮಾತು ಬಾಯಿಗೆ ಬರಲಿಲ್ಲ.

“ಎಣಗಾಯಿ ಬಿಟ್ಟೆ,” ಎಂದೆ.

ಮರುದಿನ ಎದ್ದಾಗ ಎದೆಯ ಮೇಲಿನ ಭಾರ ಇರಲಿಲ್ಲ. ಹಗುರವೆಂದೂ ಅನಿಸಲಿಲ್ಲ. ಹಲ್ಲು ಕೀಳಿಸಿದಾಗ ಒಸಡಿಗೆ ಕೊಟ್ಟ ಮದ್ದು ಹೇಗಿರುತ್ತದೆಯೋ ಹಾಗೆ. ಆರತಿ ನೋಡಿದೆ. ಪೇಡೆ ತಿಂದೆ. ಮನೆಗೆ ಬಂದೆವು.

ಅಂದಿನಿಂದ ಜಪದ ಮಣಿ ಒಂದೂ ಜಾರಲಿಲ್ಲ.

ತಿಂಗಳ ಮಾಸಿಕ ಶ್ರಾದ್ಧ ಬಂತು. ಪಿಂಡ ಇಟ್ಟೆ, ನೀರು ಬಿಟ್ಟೆ, ಮಂತ್ರದಲ್ಲಿ ಒಂದು ಸ್ವರ ತಪ್ಪಲಿಲ್ಲ. ಮಠದ ಆಚಾರ್ಯರು, “ಈ ಸಲ ಗಟ್ಟಿಯಾಗೀರಿ,” ಎಂದರು. ಶಂಕ್ರಪ್ಪನ ಹೆಂಡತಿ ಮಾಲತಿಯ ಹೆಸರು ಹೇಳಿ ಕಣ್ಣೊರೆಸಿಕೊಂಡಳು. ನಾನು ಅವಳ ಕಿವಿಯ ಓಲೆಯ ಒಂದು ಹರಳು ಬಿದ್ದುಹೋಗಿರುವುದನ್ನು ನೋಡುತ್ತ ಕುಳಿತಿದ್ದೆ. ಗೋಡೆಯ ಮೇಲಿನ ಮಾಲತಿಯ ಫೋಟೊ ನೋಡಿದರೆ, ಸೀರೆಯ ಅಂಚು ಹಸಿರು ಎಂದು ತೋರುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ತೋರುತ್ತಿರಲಿಲ್ಲ. ಹಿತ್ತಲ ಪೇರಲ ಗಿಡದ ಎತ್ತರದ ಕೊಂಬೆಗೆ ಯಾರೋ ಕೆಂಪು ಬಟ್ಟೆಯ ಗಂಟು ಕಟ್ಟಿದ್ದರು. ಬೇರೆ ದಿನಗಳಲ್ಲಾಗಿದ್ದರೆ ಏನದು ಎಂದು ಕೇಳುತ್ತಿದ್ದೆ. ದಿನವೂ ಅದರ ಕೆಳಗೆ ನಿಂತು ಮುಖ ತೊಳೆದೆ, ಕೇಳಲಿಲ್ಲ.

ಇದು ವೈರಾಗ್ಯವೆಂದು ನಾನು ನಿಶ್ಚಯಿಸಿಕೊಂಡೆ. ಜನ್ಮವೆಲ್ಲ ಬೇಡಿಕೊಂಡರೂ ಸಿಗದದ್ದು ಕಾಶಿಯಲ್ಲಿ ಎರಡು ರಾತ್ರಿಗೆ ಸಿಕ್ಕಿತು. ದುಡ್ಡು ಹೋದದ್ದಕ್ಕೆ ಸಾರ್ಥಕವಾಯಿತು.

ವಿಭಾ ಮೊದಲು ಸಂತೋಷಪಟ್ಟಳು. ನಾನು ಊಟ ಮಾಡುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡತೊಡಗಿದಳು. ಒಂದು ಸಂಜೆ ದೀಪ ಹಚ್ಚಿ ಬಂದು ಎದುರಿಗೆ ಕುಳಿತಳು.

“ಅಪ್ಪಾ, ಅವ್ವ ಹೆಂಗ ನಗ್ತಿದ್ಲು ಹೇಳ್ರಿ.”

“ಬಾಯಿಗೆ ಸೆರಗು ಹಿಡಕೊಂಡು.”

“ಮತ್ತ?”

“ಮತ್ತ ಏನು? ಅಷ್ಟ.”

“ನಿಮಗ ಏನೂ ಅನಸೂದಿಲ್ಲೇನು?”

“ಅನಸಬಾರದು ಅಂತ ಶಾಸ್ತ್ರ ಹೇಳ್ತದ.”

“ನಾಳೆ ನನ್ನ ಜೋಡಿ ಬರ್ರಿ,” ಎಂದಳು.

ನಿಯಂತ್ರಣ ಕೋಣೆ ಕಟ್ಟಡದ ಹಿಂಬದಿಯಲ್ಲಿದೆ. ತಣ್ಣಗಿರುತ್ತದೆ. ಗೋಡೆಯ ತುಂಬ ಪರದೆಗಳು. ಒಂದರಲ್ಲಿ ಘಟ್ಟ ಕಾಣುತ್ತಿತ್ತು. ಎಲೆ ಹಚ್ಚಿಕೊಳ್ಳದೆ ನೋಡಿದರೆ ಅದು ಒಂದು ಉದ್ದನೆಯ ಈಜುಕೊಳ, ಬಣ್ಣ ಹಚ್ಚಿದ ಗೋಡೆ. ನಾನು ಅದನ್ನು ನೋಡಿ ಮುಖ ತಿರುವಿದೆ. ಮನುಷ್ಯನ ದೇಹವನ್ನೂ ಚರ್ಮ ಬಿಚ್ಚಿ ನೋಡಿದರೆ ಹೀಗೆಯೇ ಇರುತ್ತದೆ. ಅಷ್ಟರಿಂದ ಜೀವ ಸುಳ್ಳಾಗುವುದಿಲ್ಲ ಎಂದುಕೊಂಡೆ.

ವಿಭಾ ಇನ್ನೊಂದು ಪರದೆಯಲ್ಲಿ ಎರಡು ಚಿತ್ರ ತೋರಿಸಿದಳು. ಎರಡೂ ಮನುಷ್ಯರ ಮಿದುಳು. ಮೊದಲನೆಯದರಲ್ಲಿ ಅಲ್ಲೊಂದು ಇಲ್ಲೊಂದು ಕಿಡಿ ಇತ್ತು.

“ಇದು ಗುಟಖಾ ಬಿಟ್ಟ ಸಾಹುಕಾರಂದು. ಗುಟಖಾ ಅಂದ ಕೂಡ್ಲೆ ಇಷ್ಟು ಹೊತ್ತಿಕೊಂಡಾವ. ಅಷ್ಟರ ಮ್ಯಾಲೆ ತಡಿ ಬಿದ್ದದ.”

ಎರಡನೆಯದು ದೀಪಾವಳಿಯ ಊರಿನ ಹಾಗೆ ಉರಿಯುತ್ತಿತ್ತು.

“ಇದು ನಿಮ್ಮದು. ನೀವು ಎಣಗಾಯಿ ಅಂದಾಗ. ಅವ್ವ ಹೋದ ಮ್ಯಾಲೆ ನೀವು ಎಣಗಾಯಿ ತಿಂದೇ ಇಲ್ಲ ಅಪ್ಪಾ. ಅದರ ಹೆಸರು ತಗೊಂಡ್ರ ಅವ್ವನೇ ಬರ್ತಾಳ. ಅವ್ವನ ಕೈ, ದನಿ, ಒಲಿ ಮುಂದ ಕೂತದ್ದು, ದೇವರ ಮುಂದ ದೀಪ ಹಚ್ಚಿದ್ದು... ಎಲಿಗೆ ಬದನಿಕಾಯಿ ಯಾವುದು ಅವ್ವ ಯಾವುದು ಅಂತ ತಿಳೀಲಿಲ್ಲ. ಗಿಡ ಕೀಳ್ಲಿಕ್ಕೆ ಹೋಗಿ ಬುಡದ ಮಣ್ಣೆಲ್ಲಾ ಕಿತ್ತು ತಗೊಂಡದ.”

“ಒಳ್ಳೇದಾತು.”

“ಒಳ್ಳೇದಲ್ಲ. ನಮ್ಮ ಹೋಟೆಲಿನ ಡಾಕ್ಟರನ್ನ ಕೇಳೀನಿ. ತಡಿ ತಗೀಬಹುದು. ಎಲಿ ಹಚಗೊಂಡು, ಬಿಟ್ಟದ್ದನ್ನ ಮನಸ್ಸಿನಿಂದ ಬಾಯಾಗ ಇಟಗೋಬೇಕು, ಅಷ್ಟ. ಆದ್ರ ಕಾರ್ತಿಕ ಮುಗಿಯೂದರೊಳಗ ಆಗಬೇಕು. ಆಮ್ಯಾಲೆ ಅದು ಎಲುಬಿನಂಗ ಗಟ್ಟಿ ಆಗ್ತದ. ಯಾರ ಕೈಯಿಂದಾನೂ ಬರೂದಿಲ್ಲ.”

“ವಿಭಾ, ಕಾಶಿಯೊಳಗ ಬಿಟ್ಟದ್ದನ್ನ ಮತ್ತ ಮುಟ್ಟು ಅಂತೀಯಲ್ಲ. ಗಂಗಿ ನಿಂತು ನಿಮ್ಮವ್ವನ್ನ ತಗೊಂಡಾಳ. ನನ್ನ ಕಣ್ಣಾರೆ ನೋಡೀನಿ. ಆಕಿ ಮುಂದ ಆಡಿದ ಮಾತು ಅದು. ನಾ ತಿಂದ್ರ ನಿಮ್ಮವ್ವಗ ಸಿಕ್ಕದ್ದು ಉಳೀತದೇನು?”

ವಿಭಾ ಪರದೆಗಳನ್ನು ಒಂದೊಂದಾಗಿ ಆರಿಸಿ ನನ್ನನ್ನು ಮನೆಗೆ ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳೆಂದು ತೋರುತ್ತದೆ. ನಾನು ರಸ್ತೆಯ ಕಂಬಗಳನ್ನು ನೋಡುತ್ತಿದ್ದೆ.

ದೀಪಾವಳಿ ಹೋಯಿತು. ತುಳಸಿಯ ಲಗ್ನ ಬಂತು. ಮಾಲತಿ ಇದ್ದಾಗ ತುಳಸಿಗೆ ಕಬ್ಬು, ನೆಲ್ಲಿಯ ಕೊಂಬೆ ಕಟ್ಟುತ್ತಿದ್ದವಳು ಆಕೆ. ಈ ಸಲ ವಿಭಾ ಕಟ್ಟಿದಳು. ಕೊಂಬೆ ಎರಡು ಸಲ ಬಿತ್ತು. ನಾನು ಎದ್ದು ಸಹಾಯ ಮಾಡಬಹುದಿತ್ತು. ಕುಳಿತೇ ಇದ್ದೆ. ಮೂರನೆಯ ಸಲ ಬಿದ್ದಾಗ ಆಕೆ ಕೊಂಬೆಯನ್ನು ನೆಲಕ್ಕೆ ಒಗೆದು ಹಿತ್ತಲಿಗೆ ಹೋದಳು. ಸ್ಟೂಲು ಎಳೆದ ಸದ್ದಾಯಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಕೆಂಪು ಬಟ್ಟೆಯ ಗಂಟು ಇತ್ತು.

ಅದನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು ಬಿಚ್ಚಿದಳು. ಒಳಗೆ ತಾಮ್ರದ ಗಿಂಡಿ. ಬುಡದಲ್ಲಿ ತಗ್ಗು ಇತ್ತು. ಒಂದು ಸಲ ಮಾಲತಿಯೇ ಬಾವಿಯ ಕಟ್ಟೆಗೆ ಬಡಿದು ಆದದ್ದು.

“ಹೊಳಿ ನಿಂದ್ರಿಸಿದಾಕಿ ನಾನೇ ಅಪ್ಪಾ,” ಎಂದಳು ವಿಭಾ.

ಬಿಚ್ಚಿದ ಬಟ್ಟೆಯ ಅಂಚನ್ನು ಅವಳು ಮಡಚಿದಳು.

“ಪರದೆ ಮುಂದ ಕೂತಿದ್ದೆ. ನಿಮ್ಮ ಕೈಯಾಗ ಗಿಂಡಿ ಕಾಣಿಸ್ತು. ಒಳಗ ಇರೋರಿಗೆ ಬ್ಯಾಡ ಅನ್ನೂ ಹಂಗಿಲ್ಲ, ಓಡಿ ಬರೂ ಹಂಗಿಲ್ಲ. ಅದು ಬೋರಿನ ನೀರು. ಒಂದು ಕಡೆಯಿಂದ ಪಂಪು ದೂಡ್ತದ, ಇನ್ನೊಂದು ಕಡೆ ಜಾಳಿಗಿಯೊಳಗ ಸೋಸಿ, ಕಸಾ ಎಲ್ಲಾ ಗಟಾರಕ್ಕ ಬಿಡ್ತಾರ. ಅವ್ವ ಗಟಾರಕ್ಕ ಹೋಗ್ತಾಳಂತ... ಪಂಪು ಬಂದ್ ಮಾಡಿದೆ. ನೀವು ಮ್ಯಾಲೆ ಹೋದ ಮ್ಯಾಲೆ ನಾ ಇಳದೆ. ಕೈಯಿಂದ ಬಾಚಿದೆ. ಸಿಕ್ಕಷ್ಟು ಇದರಾಗ ಅದ.”

“ಅವತ್ತ ಯಾಕ ಹೇಳ್ಲಿಲ್ಲ?”

“ನಿಮ್ಮ ಮಾರಿ ನೋಡಿದೆ. ಅವ್ವ ಹೋದ ಮ್ಯಾಲೆ ಮೊದಲನೇ ಸಲ ಸಮಾಧಾನ ಆಗಿತ್ತು. ನಾ ಹೊಳಿ ನಿಂದ್ರಿಸಿರಲಿಲ್ಲಂದ್ರ ನೀವು ಹಾಗಲಕಾಯಿ ಅಂತಿದ್ರಿ. ಹೌದಲ್ರಿ? ನಾ ಮಾಡಿದ್ದರಿಂದನೇ ನೀವು ಎಣಗಾಯಿ ಅಂದ್ರಿ. ಅವ್ವ ಒಬ್ಬಾಕಿ ಹೋದ್ಲು ಅಂತ ತಿಳಕೊಂಡಿದ್ದೆ ಅಪ್ಪಾ.”

ಅವಳು ಇಷ್ಟು ಹೇಳಿ ಸೆರಗು ಕಚ್ಚಿಕೊಂಡು ನಿಂತಳು. ತಾಯಿಯ ಹಾಗೆಯೇ ಕಾಣುತ್ತಿದ್ದಳು. ಕಾಣುತ್ತಾಳೆ ಎಂದು ತಿಳಿಯಿತು, ಅಷ್ಟೆ.

ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ನಾನು ಗಿಂಡಿಯನ್ನು ನೋಡುತ್ತ ಕುಳಿತಿದ್ದೆ. ತುಸು ಹೊತ್ತಾದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ನನ್ನ ಕೈಗಳು ತೊಡೆಯ ಮೇಲೆ ಇದ್ದ ಹಾಗೆಯೇ ಇದ್ದವು. ಮಾಲತಿಯ ಅಸ್ಥಿ ಮುಂದೆ ಇತ್ತು. ನಾನು ಕೈ ಮುಗಿದಿರಲಿಲ್ಲ. ಸರ್ವಸಂಗ ಪರಿತ್ಯಾಗ ಮಾಡಿದವರೂ ದೀಪದ ಮುಂದೆ, ಹಸುವಿನ ಮುಂದೆ, ಹೆಣದ ಮುಂದೆ ಕೈ ಮುಗಿಯುತ್ತಾರೆ. ಯಾರೂ ಅವರಿಗೆ ನೆನಪು ಮಾಡಬೇಕಾಗಿಲ್ಲ. ನನಗೆ ನೆನಪು ಮಾಡಿಕೊಂಡು ಮುಗಿಯಬೇಕಾಯಿತು. ಹಾಗಾದರೆ ಇದು ವೈರಾಗ್ಯವಲ್ಲ. ನನ್ನ ಮನೆಯಿಂದ ಏನೋ ಕಳುವಾಗಿದೆ, ಕಳುವಾದದ್ದು ನನಗೆ ತಿಳಿಯದ ಹಾಗೆ ಕಳುವಾಗಿದೆ.

“ಅಂದ್ರ ಅದು ಕಾಶಿ ಅಲ್ಲ,” ಎಂದೆ.

“ಅಲ್ಲ.”

“ನಿಮ್ಮವ್ವ ಇನ್ನೂ ಹೋಗಿಲ್ಲ.”

“ಇಲ್ಲ. ಸರದಿ ಬಂದಾಗ ನಾವಿಬ್ಬರೂ ಕರಕೊಂಡು ಹೋಗೂಣು.”

ನಾನು ಯೋಚಿಸಿದೆ. ಯೋಚನೆ ಮಾತ್ರ ನನ್ನಲ್ಲಿ ಸರಿಯಾಗಿ ನಡೆಯುತ್ತಿತ್ತು. ನಿಜವಾದ ಕಾಶಿಗೆ ಹೋದರೆ ನಿಜವಾಗಿ ಬಿಡಬೇಕು. ಸೇರುವಂಥದನ್ನು ಬಿಡಬೇಕು. ನನಗೆ ಸೇರುವಂಥದು ಯಾವುದು? ಒಂದೊಂದಾಗಿ ನೆನೆದೆ. ಮಾವಿನಹಣ್ಣು, ಮಜ್ಜಿಗೆ, ಮಗಳ ಮಾತು, ದೇವರ ನಾಮ. ಯಾವುದನ್ನು ಬೇಕಾದರೂ ಬಿಡಬಹುದಿತ್ತು. ಎಲ್ಲವೂ ಹಾಗಲಕಾಯಿಯಾಗಿದ್ದವು.

“ಬರಿಗೈಲೆ ಕಾಶಿಗೆ ಹೋಗ್ಲಿಕ್ಕೆ ಬರೂದಿಲ್ಲ,” ಎಂದೆ. “ಬಿಡ್ಲಿಕ್ಕೆ ಏನರೆ ಇರಬೇಕಲ್ಲ. ತಡಿ ತಗಸು.”

ವಿಭಾ ನನ್ನ ಮುಖವನ್ನೇ ನೋಡಿದಳು.

“ಅಪ್ಪಾ, ಅಳೂದೂ ಹೊಳ್ಳಿ ಬರ್ತದ. ಎಲ್ಲಾ ಒಮ್ಮಿಗೇ ಬರ್ತದ. ಮೊದಲಿಗಿಂತ ಜಾಸ್ತಿ ಅನಸಬಹುದು ಅಂತ ಡಾಕ್ಟರು ಹೇಳ್ಯಾರ.”

“ಬರ್ಲಿ.”

ಮರುದಿನ ಬೆಳಗ್ಗೆ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು. ವಾಸನೆ ಬಂದಿರಬೇಕು, ನನಗೆ ಗೊತ್ತಾಗಲಿಲ್ಲ. ವಿಭಾ ಡಬ್ಬಿ ಕಟ್ಟಿಕೊಂಡಳು. ಶಂಕ್ರಪ್ಪ ಕಟ್ಟೆಯ ಮೇಲಿಂದ ಕೂಗಿದ: “ಮತ್ತೊಮ್ಮೆ ಹೊಂಟ್ರೇನ್ರಿ ಮಾಸ್ತರ? ಈ ಸಲ ಏನ್ ಬಿಡ್ತೀರಿ, ಧೋತರ?”

ನಿಯಂತ್ರಣ ಕೋಣೆಯಲ್ಲಿ ಡಾಕ್ಟರು ನನ್ನ ಕಿವಿಗಳ ಹಿಂದೆ ಎಲೆ ಹಚ್ಚಿ, ಏನೋ ಗುಂಡಿ ಒತ್ತಿ, ಹಿಂದೆ ಸರಿದು ನಿಂತರು. ಎದುರು ಪರದೆಯಲ್ಲಿ ಆ ಹೊತ್ತಿನ ಅತಿಥಿಗಳು, ಮುದುಕ ಗಂಡ ಹೆಂಡತಿ, ಈಜುಕೊಳದ ಮೆಟ್ಟಿಲು ಇಳಿಯುತ್ತಿದ್ದರು. ಮುದುಕಿಗೆ ನೀರು ತಣ್ಣಗೆನಿಸಿರಬೇಕು. ಕಾಲು ಹಿಂದಕ್ಕೆ ಎಳೆದುಕೊಂಡು ಗಂಡನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

ವಿಭಾ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಎಣಗಾಯಿ. ನಾನು ವಿಶ್ವನಾಥನನ್ನು ನೆನೆದು, ಇದು ನಿನ್ನ ಊರಲ್ಲವಂತೆ, ಆಗಿದ್ದರೆ ತಪ್ಪು ನನ್ನದು ಎಂದು ಹೇಳಿಕೊಂಡು, ತುತ್ತು ಬಾಯಲ್ಲಿಟ್ಟೆ.

ಮೊದಲು ಎಣ್ಣೆ ಗೊತ್ತಾಯಿತು. ಬಿಸಿ ಗೊತ್ತಾಯಿತು. ಮಣ್ಣಿನಂತೆ ಅಗಿದು ನುಂಗಿದೆ. ಎರಡನೆಯ ತುತ್ತೂ ಹಾಗೆಯೇ. ವಿಭಾ ತನ್ನ ಉಗುರು ಕಚ್ಚುತ್ತಿದ್ದಳು. ಮೂರನೆಯ ತುತ್ತು ಅಗಿಯುತ್ತಿದ್ದಾಗ ನನಗೆ ತಿಳಿಯದೆ ಮಾತು ಬಂದುಬಿಟ್ಟಿತು.

“ಉಪ್ಪು ಮುಂದಾಗೇದ.”

“ಅವ್ವ ಹಾಕಿದಷ್ಟ ಹಾಕೀನಿ,” ಎಂದಳು ವಿಭಾ.

ಆಮೇಲೆ ಆದದ್ದನ್ನು ನಾನು ಬರೆಯುವುದಿಲ್ಲ. ಡಾಕ್ಟರು ಹೊರಗೆ ಹೋದರು. ವಿಭಾ ನೆಲದ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ನಾವಿಬ್ಬರೂ ಅಲ್ಲಿ ಇದ್ದಷ್ಟು ಹೊತ್ತು ಪರದೆಯ ಮೇಲೆ ಪಂಪಿನ ನೀರು ಹರಿಯುತ್ತಲೇ ಇತ್ತು. ಡಬ್ಬಿಯಲ್ಲಿ ಉಳಿದದ್ದನ್ನು ಸಂಜೆ ಮನೆಯಲ್ಲಿ ಉಂಡೆವು.

ಈಗ ಜಪದ ಮಣಿ ಮತ್ತೆ ಜಾರುತ್ತದೆ. ಮತ್ತೆ ಮೊದಲಿನಿಂದ ಎಣಿಸುತ್ತೇನೆ. ಕೆಲವು ದಿನ ಎಣಿಕೆ ಮುಗಿಯುವುದೇ ಇಲ್ಲ. ದೇವರು ಎಣಿಸುವವನಾಗಿದ್ದರೆ ನನ್ನ ಲೆಕ್ಕ ಬಹಳ ಹಿಂದೆ ಬಿದ್ದಿದೆ.

ಮೊನ್ನೆ ಶಂಕ್ರಪ್ಪ ಮತ್ತೆ ಕೇಳಿದ. ಅವನ ತಮ್ಮನ ಮಗ ಕುಡಿತ ಬಿಡಲು ಕಾಶೀವಾಸಕ್ಕೆ ಹೋಗುತ್ತೇನೆನ್ನುತ್ತಿದ್ದಾನಂತೆ.

“ಖರೇ ಹೇಳ್ರಿ ಮಾಸ್ತರ. ಕೊಟ್ಟ ರೊಕ್ಕಕ್ಕ ಬರೋಬ್ಬರಿ ಅದನ ಇಲ್ಲೋ?”

“ಕುಡಿತ ಬಿಡೂದಿದ್ರ ಹೋಗ್ಲಿ,” ಎಂದೆ. “ಆದ್ರ ಅಲ್ಲೆ ಬಾಯಿ ಬಿಡೂದಕ್ಕಿಂತ ಮೊದ್ಲ, ಆ ಹುಡುಗ ಯಾರ ಜೋಡಿ ಕುಡೀತಿದ್ದ, ಯಾಕ ಕುಡೀತಿದ್ದ ಅಂತ ಕೇಳು. ಅವನ ಗೆಳ್ಯಾ ಯಾವನರೆ ತೀರಕೊಂಡಿದ್ರ ಕಳಸಬ್ಯಾಡ. ಅಲ್ಲೆ ಬಿಡೂದನ್ನ ಭಾಳ ಸೋವಿ ಮಾಡಿಟ್ಟಾರ ಶಂಕ್ರಪ್ಪ. ನನಗ ತುಟ್ಟಿ ಆದದ್ದು ಅದೇ.”

ಅವನಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ತಲೆ ಕೆರೆದುಕೊಂಡು, “ಎಮ್ಮಿ ತಗೊಂಡಿದ್ರ ಹೈನ ಆದ್ರೂ ಇರ್ತಿತ್ತು ನೋಡ್ರಿ,” ಎಂದು ಎದ್ದು ಹೋದ. ನನಗೆ ನಗು ಬಂತು. ಮಾಲತಿ ಇದ್ದಿದ್ದರೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು ಎಂದು ನೆನಪಾಗಿ ನಗು ನಿಂತಿತು.

ನಮ್ಮ ಸರದಿ ಇನ್ನೂ ಬಂದಿಲ್ಲ. ಗಿಂಡಿ ಮತ್ತೆ ಪೇರಲ ಗಿಡಕ್ಕೇರಿದೆ. ಬೆಳಗ್ಗೆ ಮುಖ ತೊಳೆದು ಅದಕ್ಕೆ ಕೈ ಮುಗಿಯುತ್ತೇನೆ. ಯಾರೂ ನೆನಪು ಮಾಡಬೇಕಾಗಿಲ್ಲ. ಕಾಶಿಯಲ್ಲಿ ಏನು ಬಿಡಬೇಕೆಂದು ತೀರ್ಮಾನಿಸಿದ್ದೇನೆ. ಹಾಗಲಕಾಯಿ. ವಿಶ್ವನಾಥನಿಗೆ ಇದು ಗೊತ್ತಾಗದೆ ಇರುವುದಿಲ್ಲ. ಅವನು ಕ್ಷಮಿಸುತ್ತಾನೆ. ಎಣಗಾಯಿ ಬಿಟ್ಟು ಹೋದರೆ ಮಾಲತಿ ಒಳಗೆ ಕರೆದುಕೊಳ್ಳುವುದಿಲ್ಲ, ಮತ್ತು ಹಿತ್ತಲಲ್ಲಿ ಮಲಗುವ ವಯಸ್ಸು ನನ್ನದಲ್ಲ.